ದಿವ್ಯದಿಂದ ಮಂಪರು ಪರೀಕ್ಷೆಯವರೆಗೆ

ಅಪರಾಧವೊಂದು ನಡೆದಾಗ ನಿಜವನ್ನು ಅರಿಯುವ ಬಗೆ ಯಾವುದು ಎಂಬುದು ಎಲ್ಲ ಕಾಲದ ಆಳಿಕೆಗೂ ಎದುರಾದ ಪ್ರಶ್ನೆ. ಕಂಡವರಿದ್ದರೆ ಕೇಳಬಹುದು, ಬರಹವಿದ್ದರೆ ಓದಬಹುದು. ಎರಡೂ ಇಲ್ಲದೆಡೆ ಆರೋಪಕ್ಕೆ ಗುರಿಯಾದವನ ದೇಹವನ್ನೇ ಸಾಕ್ಷಿಗೆ ಕರೆಯುವ ಆಸೆ ನ್ಯಾಯಾಧಿಕಾರಿಗಳಲ್ಲಿ ಹುಟ್ಟುತ್ತದೆ. ಈ ಆಸೆಗೆ ಒಂದು ಸಾವಿರ ವರ್ಷಕ್ಕೂ ಮಿಕ್ಕ ಇತಿಹಾಸವುಂಟು. ಅದರ ಒಂದು ಮುಖ್ಯ ಘಟ್ಟ ಕಲ್ಯಾಣದಲ್ಲಿ ಬರೆದ ಗ್ರಂಥವೊಂದರಲ್ಲಿದೆ. ಇನ್ನೊಂದು ಘಟ್ಟ ತೀರ ಈಚಿನದು, ಬೆಂಗಳೂರಿನ ವಿಧಿ ವಿಜ್ಞಾನ ಪ್ರಯೋಗಾಲಯದ್ದು. ಉಪಕರಣವೊಂದು ಸರಿಯಾಗಿ ಅಳೆಯುತ್ತದೆಯೇ ಎಂಬುದನ್ನು ವಿಜ್ಞಾನಿ ಹೇಳಬಲ್ಲ. ಅದನ್ನು ಮನುಷ್ಯನೊಬ್ಬನ ಮೇಲೆ ಅವನ ಇಚ್ಛೆಗೆ ವಿರುದ್ಧವಾಗಿ ಪ್ರಯೋಗಿಸುವುದು ತಕ್ಕುದೇ ಎಂಬುದನ್ನು ಹೇಳಬೇಕಾದವರು ಸಮಾಜದ ಜನ, ಅವರು ಒಪ್ಪಿ ಮಾಡಿಕೊಂಡ ಶಾಸನದ ಮೂಲಕ. ಈ ಎರಡನೆಯ ಪ್ರಶ್ನೆಯನ್ನು ಕಲ್ಯಾಣದಲ್ಲಿ ಮೊದಲೇ ಕೇಳಿದರು, ಬೆಂಗಳೂರಿನಲ್ಲಿ ಕೊನೆಗೆ ಕೇಳಿದರು. ಪ್ರಸ್ತುತ ಲೇಖನದಲ್ಲಿ ಅವಲೋಕಿಸಬೇಕೆಂದಿರುವುದು ಈ ವ್ಯತ್ಯಾಸವನ್ನೇ.

ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನು (1076-1126) ಕಲ್ಯಾಣದಲ್ಲಿ ಆಳುತ್ತಿದ್ದಾಗ ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನವನ್ನು ರಚಿಸಿದನೆಂಬುದು ಓದುಗರಿಗೆ ವಿದಿತವೇ ಇದೆ. ಆಸ್ತಿಯ ವಿಭಾಗದ ವಿಷಯದಲ್ಲಿ ಈ ಗ್ರಂಥ ಇಪ್ಪತ್ತನೆಯ ಶತಮಾನದವರೆಗೂ ನ್ಯಾಯಾಲಯಗಳಲ್ಲಿ ಪ್ರಮಾಣವಾಗಿ ನಿಂತದ್ದರಿಂದ ವಕೀಲರು ಅದರ ದಾಯಭಾಗವನ್ನಷ್ಟೇ ಓದುತ್ತ ಬಂದರು. ಆದರೆ ಅದರ ವ್ಯವಹಾರಾಧ್ಯಾಯದಲ್ಲಿ ದಿವ್ಯಪ್ರಕರಣವೆಂಬ ಒಂದು ಭಾಗವಿದೆ. ತುಲೆ, ಅಗ್ನಿ, ಜಲ, ವಿಷ, ಕೋಶ ಎಂದು ಸ್ಮೃತಿಯು ಐದು ದಿವ್ಯಗಳನ್ನು ಎಣಿಸುತ್ತದೆ. ಆರೋಪಿತನನ್ನು ತಕ್ಕಡಿಯಲ್ಲಿ ತೂಗುವುದು, ಕಾಸಿದ ಕಬ್ಬಿಣವನ್ನು ಅಂಗೈಯಲ್ಲಿ ಹಿಡಿಸುವುದು, ನೀರಿನಲ್ಲಿ ಮುಳುಗಿಸುವುದು, ವಿಷವನ್ನು ಕುಡಿಸುವುದು, ದೇವರ ಅಭಿಷೇಕದ ನೀರನ್ನು ಕುಡಿಸಿ ಕೆಲವು ದಿನ ಕಾಯುವುದು ಇವುಗಳ ಕ್ರಮ. ಕಾಸಿದ ಗುಳವನ್ನು ಬಳಸುವ ಫಾಲದಿವ್ಯ ನಮ್ಮ ಶಾಸನಗಳಲ್ಲೂ ಕಾಣಬರುತ್ತದೆ. ಹಾವಿರುವ ಕೊಡದಲ್ಲಿ ಕೈಯಿಡಿಸುವ ಘಟಸರ್ಪದ ಹೆಸರಂತೂ ಕನ್ನಡದ ಜನಕ್ಕೆ ಪರಿಚಿತವಾದದ್ದು.

ಇಂದಿನ ಓದುಗನಿಗೆ ಇದೆಲ್ಲ ಮೂಢಾಚಾರವೆಂದು ತೋರುವುದು ಸಹಜ. ಆದರೆ ಆ ಪ್ರಕರಣವನ್ನು ತಾಳ್ಮೆಯಿಂದ ಓದಿದರೆ ಕಾಣುವುದು ನಂಬಿಕೆಗಿಂತ ಹೆಚ್ಚಾಗಿ ನಿರ್ಬಂಧ. ಲಿಖಿತ, ಭುಕ್ತಿ, ಸಾಕ್ಷಿ ಎಂಬ ಮಾನುಷ ಪ್ರಮಾಣಗಳಲ್ಲಿ ಒಂದೂ ಇಲ್ಲವಾದಾಗ ಮಾತ್ರ ದಿವ್ಯಕ್ಕೆ ಅವಕಾಶ. ದೊಡ್ಡ ಆರೋಪಗಳಲ್ಲಿ ಮಾತ್ರ ಕಠಿಣ ದಿವ್ಯ. ಅದಕ್ಕೂ ಮೊದಲು ಆರೋಪ ಹೊರಿಸಿದವನು, ತಾನು ಸೋತರೆ ದಂಡವನ್ನು ತಲೆಯ ಮೇಲೆ ಹೊರುತ್ತೇನೆಂದು ಒಪ್ಪಿಕೊಂಡಿರಬೇಕು. ಯಾವ ಋತುವಿನಲ್ಲಿ ಯಾವ ದಿವ್ಯ ಸಲ್ಲದು, ರೋಗಿಗೆ ಯಾವುದು, ವೃದ್ಧನಿಗೆ ಯಾವುದು ಎಂಬ ಚರ್ಚೆ ಪುಟಗಟ್ಟಲೆ ಸಾಗುತ್ತದೆ. ಆ ಚರ್ಚೆಯಲ್ಲಿ ಆ ಸಮಾಜದ ಮೌಲ್ಯಗಳು ತಮ್ಮ ಹೊಳಪಿನೊಡನೆ ತಮ್ಮ ಕಲೆಯನ್ನೂ ತೋರಿಸುತ್ತವೆ. ಸ್ತ್ರೀ, ಬಾಲ, ವೃದ್ಧ, ಅಂಧ, ಪಂಗು, ರೋಗಿ ಇವರಿಗೆ ಅಪಾಯವಿಲ್ಲದ ತುಲೆಯನ್ನು ವಿಧಿಸಿರುವುದು ಕರುಣೆ. ಅದೇ ಸಾಲಿನಲ್ಲಿ ಬ್ರಾಹ್ಮಣನಿಗೂ ತುಲೆಯನ್ನೇ ಇಟ್ಟು, ಶೂದ್ರನಿಗೆ ಬೆಂಕಿ, ನೀರು ಇಲ್ಲವೆ ಏಳು ಯವದ ತೂಕದ ವಿಷವನ್ನು ಇಟ್ಟಿರುವುದು ಏನು? ಸತ್ಯವನ್ನು ತಿಳಿಯುವ ಸಾಧನವೆಂದು ಕರೆದದ್ದು ಹುಟ್ಟನ್ನು ನೋಡಿ ಕೈ ಸುಡುವುದಾದರೆ, ಆ ಸಾಧನದೊಳಗೆ ಸತ್ಯಕ್ಕಿಂತ ಮೊದಲು ಸಮಾಜದ ಶ್ರೇಣಿಯೇ ಕುಳಿತಿದೆಯೆಂದಾಯಿತು. ಅದೇ ಕಲ್ಯಾಣದಲ್ಲಿ, ಅರ್ಧ ಶತಮಾನ ಕಳೆಯುವುದರೊಳಗೆ, ಹುಟ್ಟಿನ ಶ್ರೇಣಿಯನ್ನೇ ಪ್ರಶ್ನಿಸಿದ ಶರಣರು ಸೇರಿದರೆಂಬುದನ್ನು ಇಲ್ಲಿ ನೆನೆಯದಿರಲಾಗದು.

ಕಳವಿನ ಆರೋಪಕ್ಕೆಂದು ಸ್ಮೃತಿಕಾರರು ಹೇಳುವ ತಂಡುಲ ದಿವ್ಯವೊಂದುಂಟು. ಆರೋಪಿತನಿಗೆ ಅಕ್ಕಿಯನ್ನು ಅಗಿಯಲು ಕೊಟ್ಟು, ಅವನು ಉಗುಳಿದ್ದನ್ನು ಪರೀಕ್ಷಿಸುವುದು. ಹೆದರಿದವನ ಬಾಯಿ ಒಣಗುತ್ತದೆ, ಒಣಗಿದ ಬಾಯಿಯ ಅಕ್ಕಿ ಒಸಡನ್ನು ಗೀರುತ್ತದೆ. ಶಾಲೆಯ ಮಕ್ಕಳಿಗೆಲ್ಲ ಗೊತ್ತಿರುವ, ಕದ್ದವನ ಕೋಲು ರಾತ್ರಿ ಒಂದು ಅಂಗುಲ ಬೆಳೆಯುವುದೆಂಬ ಕಥೆಯಲ್ಲಿರುವುದೂ ಇದೇ ಯುಕ್ತಿ. ಅಳೆಯುವುದು ಸುಳ್ಳನ್ನಲ್ಲ, ಅಂಜಿಕೆಯನ್ನು. ಆದರೆ ನಿರಪರಾಧಿಯೂ ಅಂಜುತ್ತಾನಲ್ಲ! ಮೂವತ್ತಕ್ಕೂ ಹೆಚ್ಚು ವರ್ಷ ತರಗತಿಯ ಮುಂದೆ ನಿಂತವನಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಬಳಪ ಕಳೆದುಹೋದ ದಿನ ಮೊದಲು ಮುಖ ಬಾಡುವುದು ಕದಿಯದ ಬಡ ಹುಡುಗನದೇ.

ವೀರಶೈವ ಪರಂಪರೆಯ ಓದುಗರು ಈ ಹಂತದಲ್ಲಿ ಅಬ್ಬಲೂರಿನ ಏಕಾಂತದ ರಾಮಯ್ಯನನ್ನು ನೆನೆಯಬಹುದು. ಹಾವೇರಿ ಜಿಲ್ಲೆಯ ಆ ಊರಿನಲ್ಲಿರುವ, ಸುಮಾರು 1200ರ ಶಾಸನವು ಅವನು ವಾದದಲ್ಲಿ ತನ್ನ ಶಿರಸ್ಸನ್ನೇ ಪಣವಾಗಿ ಒಡ್ಡಿದುದನ್ನೂ, ಪಣದ ಮಾತನ್ನು ಓಲೆಯಲ್ಲಿ ಬರೆಸಿಕೊಂಡುದನ್ನೂ, ಕೊನೆಗೆ ಬಿಜ್ಜಳನು ಅವನಿಗೆ ಜಯಪತ್ರ ನೀಡಿದುದನ್ನೂ ತಿಳಿಸುತ್ತದೆ. ಇದನ್ನು ದಿವ್ಯದ ಗುಂಪಿಗೆ ಸೇರಿಸುವುದು ಯುಕ್ತವಲ್ಲವೆಂದೇ ನಮ್ಮ ಅಭಿಪ್ರಾಯ. ರಾಮಯ್ಯನ ದೇಹವನ್ನು ರಾಜ್ಯಾಧಿಕಾರವು ಪರೀಕ್ಷೆಗೆ ಎಳೆಯಲಿಲ್ಲ. ಅವನೇ ಆಡಿದ ಮಾತಿಗೆ ಅವನೇ ದೇಹವನ್ನು ಹೊಣೆಯಾಗಿಸಿದನು. ವಚನ ಎಂಬ ಪದಕ್ಕೆ ಆಡಿದ ಮಾತು ಎಂಬುದರೊಡನೆ ಕೊಟ್ಟ ಮಾತು ಎಂಬ ಅರ್ಥವೂ ಇದೆ. ಆಡುವವನು ಎಚ್ಚರದಲ್ಲಿದ್ದು, ತನ್ನ ಇಷ್ಟದೈವದ ಅಂಕಿತವನ್ನು ಸಾಕ್ಷಿಯಾಗಿಟ್ಟು ನುಡಿದಾಗಲೇ ಅದು ವಚನ. ಎಚ್ಚರವನ್ನು ಕಸಿದುಕೊಂಡು ಹೊರಡಿಸಿದ ಶಬ್ದಗಳಿಗೆ ಈ ಎರಡು ಅರ್ಥಗಳಲ್ಲಿ ಯಾವುದೂ ಹೊಂದದು.

ಯೂರೋಪಿನಲ್ಲಿ ದಿವ್ಯಗಳ ಅಂತ್ಯ ಬೇರೆ ರೀತಿಯಾಗಿ ಆಯಿತು. 1215ರಲ್ಲಿ ರೋಮಿನ ಲ್ಯಾಟರನ್ ಧರ್ಮಸಭೆಯು ಪಾದ್ರಿಗಳು ದಿವ್ಯಗಳಲ್ಲಿ ಭಾಗವಹಿಸಕೂಡದೆಂದು ನಿಷೇಧಿಸಿತು. ಒಳ್ಳೆಯದಾಯಿತೆನ್ನುವಷ್ಟರಲ್ಲಿ ಆ ತೆರವಿಗೆ ಮತ್ತೊಂದು ಬಂದಿತು. ತಪ್ಪೊಪ್ಪಿಗೆಯೇ ಪ್ರಮಾಣಗಳ ರಾಣಿಯೆಂಬ ಭಾವನೆ ಬಲಿತು, ತಪ್ಪೊಪ್ಪಿಗೆಯನ್ನು ಹೊರಡಿಸಲು ಚಿತ್ರಹಿಂಸೆಯು ಹಲವು ದೇಶಗಳಲ್ಲಿ ನ್ಯಾಯಾಲಯದ ಒಪ್ಪಿತ ಕ್ರಮವಾಯಿತು. 1764ರಲ್ಲಿ ಇಟಲಿಯ ಬೆಕ್ಕಾರಿಯ ತನ್ನ ಚಿಕ್ಕ ಪುಸ್ತಕದಲ್ಲಿ ಇದನ್ನು ಖಂಡಿಸುವವರೆಗೂ, ಆಮೇಲೂ ಕೆಲವು ಕಾಲ, ಅದು ನಡೆಯಿತು. ಒಂದು ಸಾಧನವನ್ನು ತೆಗೆದುಹಾಕಿದ ಮಾತ್ರಕ್ಕೆ ಅದರ ಹಿಂದಿದ್ದ ಆಸೆ ಸಾಯುವುದಿಲ್ಲ, ಇನ್ನೊಂದು ಸಾಧನವನ್ನು ಹುಡುಕಿಕೊಳ್ಳುತ್ತದೆ.

ನಮ್ಮ ದೇಶದ ಅನುಭವವೂ ಕಹಿಯೇ. ಮದ್ರಾಸ್ ಆಧಿಪತ್ಯದಲ್ಲಿ ಕಂದಾಯ ವಸೂಲಿಗೂ ಕಳ್ಳತನದ ಪತ್ತೆಗೂ ಜನರನ್ನು ಹಿಂಸಿಸುತ್ತಾರೆಂಬ ದೂರು ಲಂಡನ್ನಿನ ಪಾರ್ಲಿಮೆಂಟಿನವರೆಗೆ ಹೋಗಿ, ವಿಚಾರಣಾ ಆಯೋಗವೊಂದು ನೇಮಕವಾಯಿತು. 1855ರಲ್ಲಿ ಬಂದ ಅದರ ವರದಿಯು ದೂರು ನಿಜವೆಂದೇ ಹೇಳಿತು. ಬೆರಳುಗಳನ್ನು ಕಿಟ್ಟಿಯಲ್ಲಿ ಇಕ್ಕಿ ಹಿಸುಕುವುದು, ಬಗ್ಗಿಸಿ ಕಟ್ಟಿ ಬಿಸಿಲಲ್ಲಿ ನಿಲ್ಲಿಸುವುದು ಇವೆಲ್ಲ ಅದರಲ್ಲಿ ದಾಖಲಾಗಿವೆ. ಬಳ್ಳಾರಿ ಮತ್ತು ಕನ್ನಡ ಜಿಲ್ಲೆಗಳು ಆಗ ಅದೇ ಆಧಿಪತ್ಯಕ್ಕೆ ಸೇರಿದ್ದವೆಂಬುದನ್ನು ಮರೆಯಬಾರದು. ಪೋಲೀಸರ ಮುಂದೆ ಮಾಡಿದ ತಪ್ಪೊಪ್ಪಿಗೆಯು ಸಾಕ್ಷ್ಯವಾಗಲಾರದೆಂಬ ನಿಯಮ 1861ರ ದಂಡಪ್ರಕ್ರಿಯಾ ಸಂಹಿತೆಯಲ್ಲಿ ಬಂದು, 1872ರ ಸಾಕ್ಷ್ಯ ಅಧಿನಿಯಮದ 25 ಮತ್ತು 26ನೆಯ ಕಲಮುಗಳಲ್ಲಿ ನೆಲೆನಿಂತಿತು. ಆ ಅಧಿನಿಯಮದ ಕರ್ತೃವಾದ ಜೇಮ್ಸ್ ಫಿಟ್ಜ್‌ಜೇಮ್ಸ್ ಸ್ಟೀಫನ್, 1883ರಲ್ಲಿ ಪ್ರಕಟವಾದ ತನ್ನ ದಂಡನೀತಿಯ ಇತಿಹಾಸದಲ್ಲಿ ಭಾರತದ ಅನುಭವಿ ಅಧಿಕಾರಿಯೊಬ್ಬನಿಂದ ಕೇಳಿದ ಸಂಗತಿಯೊಂದನ್ನು ಬರೆದಿದ್ದಾನೆ. ಬಿಸಿಲಲ್ಲಿ ಅಲೆದು ಸಾಕ್ಷ್ಯ ಹುಡುಕುವುದಕ್ಕಿಂತ ನೆರಳಲ್ಲಿ ಕುಳಿತು ಯಾವನೋ ಬಡಪಾಯಿಯ ಕಣ್ಣಿಗೆ ಮೆಣಸಿನ ಪುಡಿ ಉಜ್ಜುವುದು ಹಾಯಾದ ಕೆಲಸವೆಂಬುದು ಅದರ ತಾತ್ಪರ್ಯ. ಹಿಂಸೆಯ ಮೂಲ ಯಾವಾಗಲೂ ಕ್ರೌರ್ಯವೇ ಆಗಬೇಕಾಗಿಲ್ಲ, ಸೋಮಾರಿತನವೂ ಆಗಬಹುದೆಂಬ ಈ ಸೂಕ್ಷ್ಮ ಮುಂದಿನ ಕಥೆಗೆ ಬೇಕಾದದ್ದು.

ಅದೇ ಅಧಿನಿಯಮದ 27ನೆಯ ಕಲಮು ಒಂದು ಕಿಂಡಿಯನ್ನು ತೆರೆದಿಟ್ಟಿತು. ಬಂಧನದಲ್ಲಿರುವವನು ಹೇಳಿದ ಮಾತಿನಿಂದ ವಸ್ತುವೊಂದು ಪತ್ತೆಯಾದರೆ, ಆ ಪತ್ತೆಗೆ ಸಂಬಂಧಿಸಿದಷ್ಟು ಮಾತನ್ನು ಸಾಬೀತುಪಡಿಸಬಹುದು. ಸ್ವಾತಂತ್ರ್ಯಾನಂತರ ಸಂವಿಧಾನದ 20(3)ನೆಯ ಅನುಚ್ಛೇದವು, ಯಾವ ಆರೋಪಿಯನ್ನೂ ತನಗೆ ವಿರುದ್ಧವಾಗಿ ತಾನೇ ಸಾಕ್ಷಿಯಾಗುವಂತೆ ಬಲವಂತಪಡಿಸಲಾಗದೆಂದು ಸಾರಿತು. ಬೆರಳಚ್ಚು ಕೊಡುವುದೂ ಸಾಕ್ಷಿಯಾಗುವುದೇ? 1961ರಲ್ಲಿ ಕಾಠಿ ಕಾಲು ಓಘಡ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯದ ಹನ್ನೊಂದು ನ್ಯಾಯಮೂರ್ತಿಗಳ ಪೀಠವು ಅಲ್ಲವೆಂದಿತು. ಬೆರಳಿನ ಗೆರೆ, ಕೈಬರಹದ ಮಾದರಿ ಇವು ತಮ್ಮಷ್ಟಕ್ಕೆ ಏನನ್ನೂ ಹೇಳವು, ಬೇರೆಡೆ ದೊರೆತದ್ದರೊಡನೆ ಹೋಲಿಸಲು ಮಾತ್ರ ಒದಗುತ್ತವೆ. ತನ್ನ ಅರಿವಿನಲ್ಲಿರುವುದನ್ನು ಹೇಳಿಸುವುದು ಬೇರೆ. ಈ ಗೆರೆ ಬಹಳ ವಿವೇಕದ್ದು. ಬೆರಳಚ್ಚಿನ ಶಾಸ್ತ್ರ ಬೆಳೆದದ್ದೂ ನಮ್ಮ ನೆಲದಲ್ಲೇ. 1897ರಲ್ಲಿ ಕಲ್ಕತ್ತೆಯಲ್ಲಿ ತೆರೆದ ಬೆರಳಚ್ಚು ಕಚೇರಿಯಲ್ಲಿ ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್ ಅವರು ಪಟ್ಟ ಶ್ರಮಕ್ಕೆ ಹೆಸರು ಮಾತ್ರ ಅವರ ಮೇಲಧಿಕಾರಿ ಹೆನ್ರಿಯದಾಯಿತು.

ಅಷ್ಟರಲ್ಲಿ ಪಶ್ಚಿಮದಲ್ಲಿ ದಿವ್ಯವು ವೈದ್ಯನ ಅಂಗಿ ತೊಟ್ಟಿತು. ಹೆರಿಗೆಯ ನೋವಿಗೆ ಕೊಡುತ್ತಿದ್ದ ಸ್ಕೋಪೊಲಮಿನ್ ಎಂಬ ಔಷಧದ ಮಂಪರಿನಲ್ಲಿದ್ದವರು ಕೇಳಿದ್ದಕ್ಕೆ ಸರಾಗವಾಗಿ ಉತ್ತರಿಸುವುದನ್ನು ಅಮೆರಿಕದ ಟೆಕ್ಸಾಸ್ ಪ್ರಾಂತದ ವೈದ್ಯ ರಾಬರ್ಟ್ ಹೌಸ್ 1916ರಲ್ಲಿ ಗಮನಿಸಿ, 1922ರಲ್ಲಿ ಸೆರೆಯಾಳುಗಳ ಮೇಲೆ ಅದನ್ನು ಪ್ರಯೋಗಿಸಿದನು. ರಕ್ತದೊತ್ತಡದ ಏರಿಳಿತದಿಂದ ಸುಳ್ಳನ್ನು ಗುರುತಿಸುವ ಮಾರ್ಸ್ಟನ್ನನ ಉಪಾಯವನ್ನು 1923ರಲ್ಲಿ ವಾಷಿಂಗ್ಟನ್ನಿನ ನ್ಯಾಯಾಲಯವು ಫ್ರೈ ಎಂಬವನ ಪ್ರಕರಣದಲ್ಲಿ ತಳ್ಳಿಹಾಕಿತು. ಆಯಾ ಶಾಸ್ತ್ರದ ವಿದ್ವಾಂಸರ ಸಾಮಾನ್ಯ ಒಪ್ಪಿಗೆ ಪಡೆಯದ ವಿಧಾನಕ್ಕೆ ನ್ಯಾಯಾಲಯದಲ್ಲಿ ಎಡೆಯಿಲ್ಲವೆಂಬ ತತ್ತ್ವ ಅಲ್ಲಿಂದ ಪ್ರಸಿದ್ಧವಾಯಿತು. ಸುಳ್ಳು ಪತ್ತೆ ಯಂತ್ರವು ಉಸಿರು, ನಾಡಿ, ರಕ್ತದೊತ್ತಡ, ಚರ್ಮದ ಬೆವರು ಇವುಗಳನ್ನು ಗೆರೆಯಾಗಿ ಬರೆಯುತ್ತದೆ. ತಂಡುಲ ದಿವ್ಯದಲ್ಲಿ ಬಾಯಿ ಒಣಗಿದಂತೆ ಇಲ್ಲಿ ಅಂಗೈ ಒದ್ದೆಯಾಗುತ್ತದೆ.

ಹೊಸ ಸಹಸ್ರಮಾನದ ಮೊದಲ ದಶಕದಲ್ಲಿ ಬೆಂಗಳೂರಿನ ಪ್ರಯೋಗಾಲಯಕ್ಕೆ ದೇಶದ ನಾನಾ ರಾಜ್ಯಗಳಿಂದ ಆರೋಪಿಗಳನ್ನು ಕರೆತರತೊಡಗಿದರು. ಅರಿವಳಿಕೆ ವೈದ್ಯರು ಸೋಡಿಯಂ ಪೆಂಟೊಥಾಲ್ ಎಂಬ ಔಷಧವನ್ನು ನಿಧಾನವಾಗಿ ರಕ್ತನಾಳಕ್ಕೆ ಹರಿಸುವರು. ವ್ಯಕ್ತಿಯು ಪೂರ್ಣ ನಿದ್ರೆಗೆ ಜಾರದೆ, ಪೂರ್ಣ ಎಚ್ಚರದಲ್ಲೂ ಇರದೆ ತೊದಲತೊಡಗಿದಾಗ ಮನೋವಿಜ್ಞಾನಿ ಪ್ರಶ್ನಿಸುವರು. ಎಲ್ಲವೂ ಚಿತ್ರಸುರುಳಿಯಲ್ಲಿ ದಾಖಲಾಗುವುದು. ಕನ್ನಡ ಪತ್ರಿಕೆಗಳು ಇದಕ್ಕೆ ಮಂಪರು ಪರೀಕ್ಷೆಯೆಂಬ ಸೊಗಸಾದ ಹೆಸರನ್ನಿಟ್ಟವು. ಮಂಪರಿನಲ್ಲಿ ಸಂಕೋಚ ಸಡಿಲುವುದು ನಿಜ. ಸಂಕೋಚ ಸಡಿಲಿದವನು ಸತ್ಯವನ್ನೇ ನುಡಿಯುವನೆಂಬುದು ಮಾತ್ರ ನಿಜವಲ್ಲ. ಕಂಡದ್ದು, ಕನಸಿದ್ದು, ಕೇಳುವವರು ಸೂಚಿಸಿದ್ದು ಎಲ್ಲವೂ ಒಂದೇ ಹೊಳೆಯಾಗಿ ಹರಿಯುತ್ತವೆ. ಛಾಪಾ ಕಾಗದದ ಹಗರಣದ ಮುಖ್ಯ ಆರೋಪಿ, ಬೆಳಗಾವಿ ಜಿಲ್ಲೆಯ ಖಾನಾಪುರದ ತೆಲಗಿಯ ಪರೀಕ್ಷೆಯ ದೃಶ್ಯಗಳು ದೂರದರ್ಶನ ವಾಹಿನಿಗಳಲ್ಲಿ ಬಿತ್ತರಗೊಂಡು, ರಾಜಕಾರಣಿಗಳ ಹೆಸರುಗಳು ಅವನ ತೊದಲು ನುಡಿಯಿಂದ ಮನೆಮನೆಗೆ ತಲಪಿದವು. ನ್ಯಾಯಾಲಯದಲ್ಲಿ ಸಾಕ್ಷ್ಯವಾಗದ ಮಾತು ಜಗಲಿಯಲ್ಲಿ ತೀರ್ಪಾಯಿತು.

ಮೆದುಳಿನ ವಿದ್ಯುತ್ ಅಲೆಗಳಿಂದ ಅನುಭವದ ನೆನಪನ್ನು ಗುರುತಿಸುತ್ತೇನೆಂಬ ಮತ್ತೊಂದು ಪದ್ಧತಿಯನ್ನು ರೂಪಿಸಿದವರು ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಹಿಂದೆ ಸೇವೆಯಲ್ಲಿದ್ದ ಡಾ. ಸಿ. ಆರ್. ಮುಕುಂದನ್ ಅವರು. ಅದೇ ಸಂಸ್ಥೆಯ ನಿರ್ದೇಶಕರಾಗಿದ್ದ ಡಾ. ಡಿ. ನಾಗರಾಜ ಅವರ ಅಧ್ಯಕ್ಷತೆಯ ತಜ್ಞ ಸಮಿತಿಯು 2008ರಲ್ಲಿ ಇಂಥ ವಿಧಾನಗಳಿಗೆ ಸಾಕಷ್ಟು ವೈಜ್ಞಾನಿಕ ಆಧಾರವಿಲ್ಲವೆಂದೂ, ನ್ಯಾಯಾಲಯದಲ್ಲಿ ಸಾಕ್ಷ್ಯವಾಗಿ ಬಳಸಲಾಗದೆಂದೂ ಹೇಳಿತು. ಆ ವರ್ಷದ ಜೂನ್ ತಿಂಗಳಿನಲ್ಲೇ ಪುಣೆಯ ಸೆಷನ್ಸ್ ನ್ಯಾಯಾಲಯವೊಂದು ಕೊಲೆಯ ಮೊಕದ್ದಮೆಯಲ್ಲಿ ಈ ಪರೀಕ್ಷೆಯ ಫಲಿತಾಂಶವನ್ನೂ ಗಣನೆಗೆ ತೆಗೆದುಕೊಂಡು ಜೀವಾವಧಿ ಶಿಕ್ಷೆ ವಿಧಿಸಿತ್ತು. ವಿದ್ವಾಂಸರ ಒಪ್ಪಿಗೆ ಇನ್ನೂ ವಿಚಾರದಲ್ಲಿರುವಾಗಲೇ ಸೆರೆಮನೆಯ ಬಾಗಿಲು ಮುಚ್ಚಿಯಾಗಿತ್ತು.

ಗಮನಿಸಬೇಕಾದ ಸಂಗತಿಯೆಂದರೆ, ಮನುಷ್ಯನ ರಕ್ತಕ್ಕೆ ಔಷಧ ಹರಿಸಿ ಮಾತಾಡಿಸುವ ಈ ಕ್ರಮಕ್ಕೆ ಅನುಮತಿ ಕೊಟ್ಟ ಶಾಸನ ಒಂದೂ ಇರಲಿಲ್ಲ. ಸಂಸತ್ತಿನಲ್ಲಿ ಅದರ ವಿಧೇಯಕ ಬರಲಿಲ್ಲ, ವಿಧಾನಮಂಡಲದಲ್ಲಿ ಚರ್ಚೆಯಾಗಲಿಲ್ಲ. ತನಿಖಾಧಿಕಾರಿ ಕೇಳಿದ, ಕೆಳಗಿನ ನ್ಯಾಯಾಲಯ ಒಪ್ಪಿತು, ಪ್ರಯೋಗಾಲಯ ಮಾಡಿತು. ಹೀಗೆ ಪ್ರಕರಣದಿಂದ ಪ್ರಕರಣಕ್ಕೆ ನೀತಿಯೊಂದು ತಾನೇ ಬೆಳೆಯಿತು. ಋತುವನ್ನೂ ರೋಗವನ್ನೂ ವಿಚಾರಿಸಿದ ವಿಜ್ಞಾನೇಶ್ವರನ ಎದುರು ಇದು ನಾಚಬೇಕಾದ ಸ್ಥಿತಿ. ಆ ಕಾಲದ ವಿಚಾರಧಾರೆಯೂ ಆರೋಪಿಯ ಮೌನಕ್ಕೆ ಅನುಕೂಲವಾಗಿರಲಿಲ್ಲ. ಕರ್ನಾಟಕ ಹಾಗೂ ಕೇರಳ ಉಚ್ಚ ನ್ಯಾಯಾಲಯಗಳ ಮುಖ್ಯ ನ್ಯಾಯಮೂರ್ತಿಗಳಾಗಿದ್ದ ಪೂಜ್ಯ ವಿ. ಎಸ್. ಮಳಿಮಠರ ಸಮಿತಿಯು 2003ರಲ್ಲಿ ಕೊಟ್ಟ ವರದಿಯಲ್ಲಿ, ಆರೋಪಿಯ ಮೌನದಿಂದ ಅವನಿಗೆ ಪ್ರತಿಕೂಲವಾದ ತೀರ್ಮಾನಕ್ಕೆ ಬರಲು ನ್ಯಾಯಾಲಯಕ್ಕೆ ಅವಕಾಶವಿರಬೇಕೆಂದು ಸಲಹೆ ಮಾಡಿತು. ಅಪರಾಧಕ್ಕೆ ಬಲಿಯಾದವರ ಬಗೆಗೆ ಆ ವರದಿ ತೋರಿದ ಕಳಕಳಿ ಗೌರವಾರ್ಹ. ಮೌನದ ವಿಷಯದಲ್ಲಿ ಮಾತ್ರ ಅದರ ಅಭಿಪ್ರಾಯವನ್ನು ಒಪ್ಪುವುದು ನಮಗೆ ಕಷ್ಟ. ಅಕ್ಷರ ಬಲ್ಲ, ವಕೀಲನನ್ನು ಇಡಬಲ್ಲ ಆರೋಪಿಗೆ ಮೌನ ಒಂದು ಉಪಾಯವಿರಬಹುದು. ಠಾಣೆಯ ಕಂಬಕ್ಕೆ ಒರಗಿ ನಿಂತ ಕೂಲಿಯವನಿಗೆ ಅದು ಉಳಿದಿರುವ ಒಂದೇ ಆಸ್ತಿ.

ಕರ್ನಾಟಕದ ಉಚ್ಚ ನ್ಯಾಯಾಲಯವು 2004ರಲ್ಲಿ ಈ ಪರೀಕ್ಷೆಗಳನ್ನು ಎತ್ತಿಹಿಡಿದಾಗ, ವಿಷಯವು ಸರ್ವೋಚ್ಚ ನ್ಯಾಯಾಲಯವನ್ನು ಸೇರಿತು. ಇಂಥದೇ ಇತರ ಮನವಿಗಳೊಡನೆ ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ಎಂಬ ಹೆಸರಿನಲ್ಲಿ 2010ರ ಮೇ 5ರಂದು ತೀರ್ಪು ಹೊರಬಿದ್ದಿತು. ಮುಖ್ಯ ನ್ಯಾಯಮೂರ್ತಿ ಕೆ. ಜಿ. ಬಾಲಕೃಷ್ಣನ್ ಅವರು ತೀರ್ಪನ್ನು ಬರೆದರು. ಪೀಠದಲ್ಲಿದ್ದ ಇನ್ನಿಬ್ಬರಲ್ಲಿ ನ್ಯಾಯಮೂರ್ತಿ ಆರ್. ವಿ. ರವೀಂದ್ರನ್ ಅವರು ಕರ್ನಾಟಕದ ಉಚ್ಚ ನ್ಯಾಯಾಲಯದಿಂದಲೇ ಹೋದವರು. ಸರ್ಕಾರದ ಪರವಾಗಿ ಬಂದ ವಾದಗಳಲ್ಲಿ ಒಂದು ವಿಚಿತ್ರವಾದದ್ದು: ಠಾಣೆಗಳಲ್ಲಿ ನಡೆಯುವುದೆನ್ನಲಾದ ಹೊಡೆತ ಬಡಿತಗಳಿಗಿಂತ ಈ ಪರೀಕ್ಷೆ ಮೃದುವಾದದ್ದಲ್ಲವೇ ಎಂಬುದು. ಒಂದು ಅನ್ಯಾಯವನ್ನು ಇನ್ನೊಂದು ಅನ್ಯಾಯಕ್ಕೆ ಜಾಮೀನು ನಿಲ್ಲಿಸುವ ಈ ತರ್ಕವನ್ನು ನ್ಯಾಯಾಲಯ ಒಪ್ಪಲಿಲ್ಲ. ಸ್ಟೀಫನ್ನನಿಗೆ ಅಧಿಕಾರಿ ಹೇಳಿದ ನೆರಳಿನ ಕೆಲಸವೇ ಇದು, ಮೆಣಸಿನ ಪುಡಿಯ ಬದಲು ಸೂಜಿಮದ್ದು ಬಂದಿದೆಯಷ್ಟೆ. ಮಂಪರು, ಸುಳ್ಳು ಪತ್ತೆ, ಮೆದುಳಿನ ಪರೀಕ್ಷೆ ಈ ಮೂರರಲ್ಲಿ ಯಾವುದನ್ನೂ ಯಾರ ಮೇಲೂ ಬಲವಂತವಾಗಿ ನಡೆಸಕೂಡದೆಂದು ತೀರ್ಪು ವಿಧಿಸಿತು. ಒಪ್ಪಿ ಮಾಡಿಸಿಕೊಂಡರೂ ಅದರ ಫಲಿತಾಂಶವು ಸ್ವತಃ ಸಾಕ್ಷ್ಯವಾಗದು. ಅದರ ಸಹಾಯದಿಂದ ಮುಂದೆ ವಸ್ತುವೇನಾದರೂ ಪತ್ತೆಯಾದರೆ 27ನೆಯ ಕಲಮಿನಂತೆ ಅದನ್ನು ಪರಿಗಣಿಸಬಹುದು. ಒಪ್ಪಿಗೆಯನ್ನು ನ್ಯಾಯಾಧಿಕಾರಿಯ ಮುಂದೆ ದಾಖಲಿಸಬೇಕು, ವಕೀಲರ ನೆರವಿರಬೇಕು ಎಂಬ, ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವು ಸುಳ್ಳು ಪತ್ತೆ ಪರೀಕ್ಷೆಗಾಗಿ 2000ದಲ್ಲಿ ರೂಪಿಸಿದ್ದ ನಿಯಮಗಳು ಎಲ್ಲಕ್ಕೂ ಅನ್ವಯವಾದವು.

ಇಲ್ಲೊಂದು ಆಕ್ಷೇಪ ಏಳುತ್ತದೆ. ಮಂಪರು ಪರೀಕ್ಷೆಯನ್ನು ಅಂದು ಜನ ಮೆಚ್ಚಿದ್ದರಲ್ಲ, ಭಯೋತ್ಪಾದಕರಿಂದಲೂ ಕೊಲೆಗಾರರಿಂದಲೂ ನಿಜ ಹೊರಬರಲೆಂದು ಹಾರೈಸಿದ್ದರಲ್ಲ, ಹಾಗಾದರೆ ಜನತೆಯ ಮೌಲ್ಯ ಯಾವುದು? ಹಾರೈಕೆ ನಿಜವಾದದ್ದೇ, ಮಗಳನ್ನು ಕಳೆದುಕೊಂಡ ತಾಯಿಯ ಮುಂದೆ ಅನುಚ್ಛೇದದ ಸಂಖ್ಯೆ ಹೇಳುವುದು ಸುಲಭವಲ್ಲ. ಆದರೆ ಆ ಕ್ಷಣದ ಕೋಪವೂ, ಜನ ಶಾಂತವಾಗಿ ಕುಳಿತು ತಮ್ಮ ಮಕ್ಕಳ ಕಾಲಕ್ಕೂ ಇರಲೆಂದು ಬರೆದುಕೊಂಡ ಮಾತೂ ಒಂದೇ ತೂಕದವಲ್ಲ. ದೂರದರ್ಶನದ ಮುಂದೆ ಕುಳಿತವನು ತಾನೆಂದೂ ಆ ಹಾಸಿಗೆಯ ಮೇಲೆ ಮಲಗುವುದಿಲ್ಲವೆಂದು ಎಣಿಸಿರುತ್ತಾನೆ. ಸಂವಿಧಾನವನ್ನು ಬರೆದವರಲ್ಲಿ ಅನೇಕರು ಸ್ವತಃ ಸೆರೆಮನೆಯನ್ನು ಕಂಡವರು.

ತೀರ್ಪಿನ ತರುವಾಯದ ಸಂಗತಿಗಳು ಮಿಶ್ರವಾಗಿವೆ. ಬೆಂಗಳೂರಿನವರೇ ಆದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಎಂಬತ್ತನ್ನು ದಾಟಿದ ವಯಸ್ಸಿನಲ್ಲಿ, 2012ರಲ್ಲಿ, ಆಧಾರ್ ವ್ಯವಸ್ಥೆಯನ್ನು ಪ್ರಶ್ನಿಸಿ ಸಲ್ಲಿಸಿದ ಮನವಿಯಿಂದ, ಖಾಸಗಿತನ ಮೂಲಭೂತ ಹಕ್ಕೆಂದು 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠವು ಸಾರಿತು. 2022ರ ದಂಡಪ್ರಕ್ರಿಯಾ ಗುರುತಿಸುವಿಕೆ ಅಧಿನಿಯಮವು 1920ರ ಹಳೆಯ ಶಾಸನವನ್ನು ತೆಗೆದು, ಬೆರಳಚ್ಚಿನ ಜೊತೆಗೆ ಕಣ್ಣಿನ ಪಾಪೆಯ ಗುರುತು, ದೈಹಿಕ ಮಾದರಿಗಳು, ಸಹಿ ಕೈಬರಹಗಳೇ ಮೊದಲಾದ ನಡವಳಿಕೆಯ ಲಕ್ಷಣಗಳು ಇವನ್ನೆಲ್ಲ ಪಡೆದು 75 ವರ್ಷ ಇಟ್ಟುಕೊಳ್ಳಲು ಅವಕಾಶ ಕೊಟ್ಟಿದೆ. 1961ರ ಗೆರೆಯೊಳಗೆ ಇದೆಲ್ಲ ನಿಲ್ಲುವುದೇ ಎಂಬುದು ಯೋಚಿಸತಕ್ಕದ್ದು. ಡಿ.ಎನ್.ಎ. ತಂತ್ರಜ್ಞಾನದ ವಿಧೇಯಕವನ್ನು ಮಾತ್ರ 2019ರಲ್ಲಿ ಮಂಡಿಸಿ, ಸಂಸತ್ತಿನ ಸ್ಥಾಯೀ ಸಮಿತಿಯ ಪರಿಶೀಲನೆಗೆ ಒಪ್ಪಿಸಿ, 2023ರಲ್ಲಿ ಹಿಂತೆಗೆದುಕೊಳ್ಳಲಾಯಿತು. ಫಲ ಏನೇ ಇರಲಿ, ಅಲ್ಲಿ ಪ್ರಶ್ನೆಯನ್ನು ಪ್ರಯೋಗಕ್ಕೆ ಮೊದಲು ಕೇಳಿದರು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯು ಏಳು ವರ್ಷ ಅಥವಾ ಅದಕ್ಕೂ ಹೆಚ್ಚಿನ ಶಿಕ್ಷೆಯ ಅಪರಾಧಗಳಲ್ಲಿ ವಿಧಿ ವಿಜ್ಞಾನದ ತಜ್ಞರು ಅಪರಾಧದ ಸ್ಥಳಕ್ಕೇ ಹೋಗಿ ಸಾಕ್ಷ್ಯ ಸಂಗ್ರಹಿಸಬೇಕೆಂದು ವಿಧಿಸಿ, ಅದನ್ನು ಜಾರಿಗೊಳಿಸಲು ರಾಜ್ಯಗಳಿಗೆ ಐದು ವರ್ಷಗಳ ಕಾಲಾವಕಾಶ ಕೊಟ್ಟಿದೆ. ಬಿಸಿಲಲ್ಲಿ ಅಲೆಯುವ ವಿಜ್ಞಾನ ಇದು. ಇದಕ್ಕೆ ಬೇಕಾದ ಪ್ರಯೋಗಾಲಯಗಳನ್ನೂ ತಜ್ಞರನ್ನೂ ಸರ್ಕಾರಗಳು ಧಾರಾಳವಾಗಿ ಒದಗಿಸಲಿ.

ಸೆಲ್ವಿ ತೀರ್ಪು ಬಂದು ಹದಿಮೂರು ವರ್ಷಗಳಾದ ಮೇಲೆ, ಬಿಹಾರದ ಪ್ರಕರಣವೊಂದರ ಜಾಮೀನು ವಿಚಾರಣೆಯಲ್ಲಿ ಎಲ್ಲ ಆರೋಪಿಗಳಿಗೂ ಮಂಪರು ಪರೀಕ್ಷೆ ಮಾಡಿಸುತ್ತೇವೆಂದು ಪೋಲೀಸ್ ಅಧಿಕಾರಿಯೊಬ್ಬರು ಹೇಳಿದರು, ಪಟ್ನಾದ ಉಚ್ಚ ನ್ಯಾಯಾಲಯ ಅದನ್ನು ಒಪ್ಪಿಕೊಂಡಿತು. ಸರ್ವೋಚ್ಚ ನ್ಯಾಯಾಲಯವು 2025ರ ಜೂನ್‌ನಲ್ಲಿ ಆ ಆದೇಶವನ್ನು ರದ್ದುಪಡಿಸಿತು.